ಬುಧವಾರ ಹನ್ನೊಂದು ಗಂಟೆಯ ಕೇಳಕ್ಕ

ಹೆರಿಗೆ ಆಸ್ಪತ್ರೆಯೆಂದರೆ ಅಳತೆಗಳ ಜಾಗ. ಮಗುವಿನ ತೂಕಕ್ಕೆ ತಕ್ಕಡಿಯಿದೆ, ತಲೆಯ ಸುತ್ತಳತೆಗೆ ಟೇಪಿದೆ, ತಾಯಿಯ ಜ್ವರಕ್ಕೆ, ರಕ್ತದೊತ್ತಡಕ್ಕೆ, ಹೊಲಿಗೆಯ ಗಾಯಕ್ಕೆ ಒಂದೊಂದು ಪುಸ್ತಕವಿದೆ. ಆದರೆ ಹೆತ್ತವಳ ಮನಸ್ಸಿನ ಮೇಲೆ ಕೂತ ಭಾರ ಎಷ್ಟು ಸೇರು ಎಂದು ತೂಗಿ ನೋಡುವ ಅಭ್ಯಾಸ ನಮ್ಮ ಆಸ್ಪತ್ರೆಗೆ ಬಹುಕಾಲ ಇರಲಿಲ್ಲ. ಆ ಅಭ್ಯಾಸವನ್ನು ಇಲ್ಲಿ ಬೇರೂರಿಸಿ, ಹೆರಿಗೆಯ ನಂತರ ಖಿನ್ನತೆಗೆ ಜಾರಬಹುದಾದ ತಾಯಂದಿರಿಗೆ ಅವರ ಮನೆಯೊಳಗೇ, ಅವರ ಅಂಗೈಯಲ್ಲಿರುವ ಫೋನಿನ ಮೂಲಕವೇ ಆರೈಕೆ ಮುಟ್ಟುವಂತೆ ಮಾಡಿ, ಮೂವತ್ತನಾಲ್ಕು ವರ್ಷಗಳ ಸೇವೆಯನ್ನು ಮುಗಿಸಿ ಈಗ ವಿಶ್ರಾಂತರಾಗಿರುವ ಹಿರಿಯ ಶುಶ್ರೂಷಕಿಯ ಗೌರವಾರ್ಥ ಈ ಸಂಪುಟ ಹೊರಬರುತ್ತಿದೆ. ಸರ್ಕಾರಿ ಕಾಗದಗಳಲ್ಲಿ ಅವರ ಹೆಸರು ಏನೇ ಇರಲಿ, ಆಸ್ಪತ್ರೆಯ ಕಾವಲುಗಾರನಿಂದ ಹಿಡಿದು ಮುಖ್ಯ ವೈದ್ಯರವರೆಗೆ ಎಲ್ಲರೂ ಅವರನ್ನು ಕರೆಯುವುದು ಕೇಳಕ್ಕ ಎಂದೇ. ಹೆಸರಿಟ್ಟವರು ತಾಯಂದಿರು. ಪ್ರಶ್ನೆ ಹಾಕುವುದಕ್ಕೂ ಕಿವಿಗೊಡುವುದಕ್ಕೂ ನಮ್ಮ ಭಾಷೆಯಲ್ಲಿ ಒಂದೇ ಮಾತಿರುವುದರಿಂದ, ಅವರು ಎರಡನ್ನೂ ಮಾಡುತ್ತಿದ್ದುದರಿಂದ, ಆ ಹೆಸರು ಅವರಿಗೆ ಅಳತೆ ತೆಗೆದು ಹೊಲಿದ ಅಂಗಿಯ ಹಾಗೆ ಕೂತಿತು.

ಅವರು ಹುಟ್ಟುತ್ತಲೇ ಕೇಳಕ್ಕನಾಗಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಸನ್ಮಾನದ ಲೇಖನಗಳಲ್ಲಿ ಗುಣಗಳನ್ನು ಮಾತ್ರ ಹೇಳುವುದು ವಾಡಿಕೆ. ಆದರೆ ತಮ್ಮ ತಪ್ಪೊಂದನ್ನು ಮೊದಲು ಹೇಳದೆ ತಮ್ಮ ಬಗ್ಗೆ ಏನನ್ನೂ ಬರೆಯಕೂಡದೆಂದು ಅವರೇ ಸಂಪಾದಕ ಮಂಡಳಿಗೆ ಕಟ್ಟುನಿಟ್ಟಾಗಿ ತಿಳಿಸಿದ್ದಾರೆ.

ಇಪ್ಪತ್ತಾರನೆಯ ವಯಸ್ಸಿನಲ್ಲಿ ಅವರು ಕೆಲಸಕ್ಕೆ ಸೇರಿದಾಗ ಅವರಷ್ಟು ಚುರುಕಿನ ನರ್ಸು ವಾರ್ಡಿನಲ್ಲಿ ಇನ್ನೊಬ್ಬರಿರಲಿಲ್ಲ. ಲಸಿಕೆಯ ದಿನ ನಲವತ್ತು ಮಕ್ಕಳ ಸಾಲನ್ನು ಒಂದು ಗಂಟೆಯೊಳಗೆ ಕರಗಿಸುತ್ತಿದ್ದರು. ಒಂದು ಕೈಯಲ್ಲಿ ಹತ್ತಿ, ಒಂದು ಕೈಯಲ್ಲಿ ಸೂಜಿ, ಬಾಯಲ್ಲಿ ಸದಾ "ಮುಂದಿನವರು ಬನ್ನಿ". ನಾಲ್ಕನೆಯ ವರ್ಷ ಅಂಥದೊಂದು ದಿನ, ಬಟ್ಟೆ ಹೊಲಿದು ಬದುಕುವ ಹೆಂಗಸೊಬ್ಬಳು ಆರು ವಾರದ ಹೆಣ್ಣುಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಸೂಜಿ ಚುಚ್ಚಿದಾಗ ಮಗು ಕಿರುಚಿತು. ತಾಯಿ ಅಲುಗಲಿಲ್ಲ.

"ಸಿಸ್ಟರ್, ಇದು ಅಳೋದು ನನಗೆ ದೂರದಿಂದ ಕೇಳಿಸುತ್ತೆ. ಪಕ್ಕದ ಮನೆ ಮಗು ಅಳ್ತಿದೆಯೇನೋ ಅನ್ನೋ ಹಾಗೆ," ಎಂದಳು.

"ನಿದ್ದೆ ಸಾಲದೆ ಹಾಗಾಗುತ್ತಮ್ಮ. ಎಲ್ಲರಿಗೂ ಆಗುತ್ತೆ. ಸರಿಹೋಗುತ್ತೆ. ಮುಂದಿನವರು ಬನ್ನಿ."

ಮುಂದಿನ ಲಸಿಕೆಗೆ ಆ ಮಗುವನ್ನು ಎತ್ತಿಕೊಂಡು ಬಂದವಳು ತಾಯಿಯ ಅಕ್ಕ. ತಾಯಿ ಎಲ್ಲಿ ಎಂದು ಕೇಳಿದಾಗ ಆಕೆ ಮಗುವಿನ ಟೋಪಿಯನ್ನು ಸರಿಮಾಡುತ್ತ, "ಹೋದಳು ಸಿಸ್ಟರ್. ತಾನಾಗಿಯೇ ಹೋದಳು," ಎಂದಳು.

ಅವರು ಮಗುವಿಗೆ ಸೂಜಿ ಹಾಕಿದರು, ಕಾರ್ಡಿನಲ್ಲಿ ದಿನಾಂಕ ಬರೆದರು, ಉಳಿದ ಸಾಲನ್ನೂ ಮುಗಿಸಿದರು. ಮನೆಗೆ ಹೋದ ಮೇಲೆ ಎರಡು ದಿನ ಬಾಯಿಬಿಡಲಿಲ್ಲ. ಅವರ ಪತಿ ಗಡಿಯಾರ ರಿಪೇರಿ ಮಾಡುವವರು. ಪೇಟೆಯಲ್ಲಿ ಒಂದು ಬಾಗಿಲಿನ ಪುಟ್ಟ ಅಂಗಡಿ. ಮೂರನೆಯ ದಿನ ಹೆಂಡತಿ ಎಲ್ಲವನ್ನೂ ಹೇಳಿದಾಗ, ನಿನ್ನ ತಪ್ಪೇನಿದೆ ಎಂಬ ಸಿದ್ಧ ಮಾತನ್ನು ಅವರು ಆಡಲಿಲ್ಲ. "ಇನ್ನೊಮ್ಮೆ ಯಾರಾದ್ರೂ ಹಾಗೆ ಹೇಳಿದ್ರೆ ಏನು ಮಾಡ್ತೀಯಾ?" ಎಂದು ಮಾತ್ರ ಕೇಳಿದರು. ಅಂದಿನಿಂದ ಇಂದಿನವರೆಗೆ "ಮುಂದಿನವರು ಬನ್ನಿ" ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ಯಾರೂ ಕೇಳಿಲ್ಲ. ಒಬ್ಬರದು ಮುಗಿದರೆ ಅವರೇ ಎದ್ದು ಇನ್ನೊಬ್ಬರ ಬಳಿಗೆ ಹೋಗುತ್ತಾರೆ.

ವಾರ್ಡಿನಲ್ಲಿ ಅವರು ಮಂಚದ ಪಕ್ಕ ಮುಕ್ಕಾಲಿ ಎಳೆದುಕೊಂಡು ಕೂರಲಾರಂಭಿಸಿದ್ದು ಆಗ. ಅಂದಿನ ಮೇಲ್ವಿಚಾರಕಿ ಗಡಸು ಹೆಂಗಸು. "ನರ್ಸು ಕೂತರೆ ವಾರ್ಡು ಮಲಗುತ್ತೆ," ಎಂದು ಗದರಿದರು. ಕೇಳಕ್ಕ ಎದ್ದರು, ಮೇಲ್ವಿಚಾರಕಿ ಬಾಗಿಲು ದಾಟಿದ ಕೂಡಲೇ ಮತ್ತೆ ಕೂತರು. ಹೀಗೆ ಕೂತು ಎದ್ದು, ಎದ್ದು ಕೂತು ಹನ್ನೆರಡು ವರ್ಷ ಕಳೆದವು. ತಮ್ಮ ಮಂಡಿನೋವಿಗೆ ಆ ಮೇಲ್ವಿಚಾರಕಿಯೇ ಕಾರಣವೆಂದು ಅವರು ಈಗಲೂ ನಗುತ್ತಾರೆ. ಹಾಗೆ ಕೂತು ಕೇಳುತ್ತಿದ್ದುದು ಬಹಳ ಸರಳವಾದ ಪ್ರಶ್ನೆಗಳು. ನಿದ್ದೆ ಬರುತ್ತದೆಯೇ? ಮಗು ಮಲಗಿದಾಗಲಾದರೂ ಬರುತ್ತದೆಯೇ? ಕಾರಣವಿಲ್ಲದೆ ಅಳು ಬರುತ್ತದೆಯೇ? ಮೊದಲು ಇಷ್ಟವಾಗುತ್ತಿದ್ದದ್ದು ಈಗಲೂ ಇಷ್ಟವೇ? ಕಡೆಗೆ, ದನಿ ತಗ್ಗಿಸದೆ, ಮುಖ ತಿರುಗಿಸದೆ, ಬದುಕಿರುವುದು ಬೇಡವೆನ್ನಿಸಿದೆಯೇ? ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಎಂದು ಹೆದರಿದ ಕಿರಿಯ ನರ್ಸುಗಳಿಗೆ ಅವರ ಉತ್ತರ ಹೀಗಿತ್ತು: "ಬಾಗಿಲು ತಟ್ಟಿದ ಮಾತ್ರಕ್ಕೆ ಒಳಗೆ ಜನ ಹುಟ್ಟಿಕೊಳ್ಳಲ್ಲ. ಇದ್ದವರು ಓಗೊಡ್ತಾರೆ, ಅಷ್ಟೇ."

ಅವರ ಕಣ್ಣು ರೋಗಿಗಳ ಮೇಲೆ ಮಾತ್ರ ಇರಲಿಲ್ಲ. ಸೇವೆಯ ಹದಿನಾರನೆಯ ವರ್ಷ, ವಾರ್ಡಿನ ನೆಲ ಒರೆಸುವ ಆಯಾ ತಾನೂ ಹಡೆದು, ರಜೆ ಮುಗಿಸಿ ಕೆಲಸಕ್ಕೆ ಮರಳಿದ್ದಳು. ಒಂದು ಬೆಳಿಗ್ಗೆ ಆಕೆ ಕಿಟಕಿಯ ಕೆಳಗಿನ ಎರಡು ಹಾಸುಗಲ್ಲುಗಳನ್ನೇ ಕಾಲು ಗಂಟೆಯಿಂದ ಒರೆಸುತ್ತಿರುವುದು ಅಕ್ಕನ ಕಣ್ಣಿಗೆ ಬಿತ್ತು. ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು, ಕೈ ಮಾತ್ರ ನಿಲ್ಲುತ್ತಿರಲಿಲ್ಲ. ಅಕ್ಕ ಹೋಗಿ ಕೈಯಿಂದ ಒರೆಸುವ ಕೋಲನ್ನು ಮೆಲ್ಲಗೆ ತೆಗೆದುಕೊಂಡು, ಆಕೆಯನ್ನು ಬಾಣಂತಿಯರ ಖಾಲಿ ಮಂಚವೊಂದರ ಮೇಲೆ ಕೂರಿಸಿ, ಉಳಿದ ನೆಲವನ್ನು ತಾವೇ ಒರೆಸಿದರು. ಆಮೇಲೆ ಬಂದು ಪಕ್ಕದಲ್ಲಿ ಕೂತು ಕೇಳಿದರು. ಆಯಾ ಅಂದು ಅತ್ತ ಅಳು ಕೆಳಗಿನ ಔಷಧದ ಕಿಟಕಿಯವರೆಗೂ ಕೇಳಿಸಿತಂತೆ. ಅಳುವ ಮಗುವಿಗೆ ಹಾಲು ಸಿಗುತ್ತದೆ ಎನ್ನುತ್ತಾರೆ. ಅಳುವ ತಾಯಿಗೆ ಸಿಗುವುದು ಬರೀ ಬುದ್ಧಿಮಾತು. ಆ ಬುದ್ಧಿಮಾತನ್ನು ಹೇಳದೆ ಉಳಿದದ್ದೇ ಅಕ್ಕನ ದೊಡ್ಡ ಉಪಕಾರವೆಂದು ಆಯಾ ಇಂದಿಗೂ ನೆನೆಯುತ್ತಾಳೆ.

ಆದರೆ ಆಸ್ಪತ್ರೆಯಲ್ಲಿ ತಾಯಿ ಇರುವುದು ಮೂರೋ ನಾಲ್ಕೋ ದಿನ. ಕತ್ತಲೆ ಕವಿಯುವುದು ಮನೆಗೆ ಹೋದ ಮೇಲೆ. ಮನೆಮನೆಗೆ ಹೋಗಿ ನೋಡುವ ಕೆಲಸವನ್ನೂ ಅಕ್ಕ ಕೆಲವು ವರ್ಷ ಮಾಡಿದರು. ಅಲ್ಲಿ ಬೇರೆಯದೇ ತೊಡಕು. ಹೊಲಿಗೆ ನೋಯುತ್ತದೆಯೇ ಎಂದರೆ ಬಾಣಂತಿ ಉತ್ತರ ಕೊಡುವಳು. ಮನಸ್ಸು ಹೇಗಿದೆ ಎಂದರೆ ಅತ್ತೆ ಉತ್ತರ ಕೊಡುವರು. ಅತ್ತೆ ಇಲ್ಲದಿದ್ದರೆ ತಾಯಿ, ತಾಯಿ ಇಲ್ಲದಿದ್ದರೆ ಗಂಡ, ಯಾರೂ ಇಲ್ಲದಿದ್ದರೆ ಪಕ್ಕದ ಮನೆಯಾಕೆ. "ಅವಳಿಗೇನ್ರೀ, ರಾಣಿ ಹಾಗಿದ್ದಾಳೆ," ಎನ್ನುವರು. ರಾಣಿ ಗೋಡೆ ನೋಡುತ್ತ ಕೂತಿರುವಳು.

ಇದಕ್ಕೆ ದಾರಿ ತೋರಿಸಿದ್ದು ಒಬ್ಬ ಬಾಣಂತಿಯೇ. ಇಪ್ಪತ್ತೈದನೆಯ ವರ್ಷದ ಸೇವೆಯಲ್ಲಿದ್ದ ಅಕ್ಕ ಒಂದು ಮಧ್ಯಾಹ್ನ ಆಕೆಯ ಮನೆಗೆ ಹೋದಾಗ, ಆಕೆ ಒಂದು ತೋಳಿನಲ್ಲಿ ಮಗುವಿಗೆ ಹಾಲೂಡಿಸುತ್ತ ಇನ್ನೊಂದು ಕೈಯಲ್ಲಿ ಫೋನು ಹಿಡಿದಿದ್ದಳು. ಮನೆಯವರು ಆ ಫೋನಿನ ಮೇಲೆ ದೂರು ಹೇಳುತ್ತಿದ್ದರು. ಅವರು ಅತ್ತ ಹೋದ ಮೇಲೆ ಅಕ್ಕ, ಅದರಲ್ಲೇನು ನೋಡುತ್ತೀಯ ಎಂದು ಕೇಳಿದರು. "ಏನೂ ಇಲ್ಲಕ್ಕ. ದಿನಕ್ಕೆ ಹನ್ನೆರಡು ಸಲ ಕುಡಿಸ್ತೀನಿ. ಅಷ್ಟು ಹೊತ್ತೂ ನನ್ನ ಜೊತೆ ಇರೋದು ಇದೊಂದೇ," ಎಂದಳು. ಬಸ್ಸಿನಲ್ಲಿ ಮರಳುವಾಗ ಅಕ್ಕ ತಮ್ಮ ನಿಲ್ದಾಣ ಬಂದದ್ದನ್ನು ಗಮನಿಸದೆ ಮೂರು ನಿಲ್ದಾಣ ಮುಂದೆ ಹೋಗಿ ಇಳಿದರು.

ಮರುದಿನವೇ ಅವರು ಮುಖ್ಯ ವೈದ್ಯರ ಕೋಣೆಗೆ ಹೋದರು. ವೈದ್ಯರು ದೊಡ್ಡ ಮನುಷ್ಯರು, ಶರೀರದಲ್ಲೂ ಹೃದಯದಲ್ಲೂ. ಹೊಸತೆಂದರೆ ಮಾತ್ರ ಮೂಗು ಮುರಿಯುವವರು. "ಫೋನಲ್ಲಿ ಜ್ವರ ನೋಡೋಕಾಗುತ್ತೇನಮ್ಮ?" ಎಂದರು.

"ಜ್ವರ ಆಗಲ್ಲ ಸರ್. ದನಿ ಆಗುತ್ತೆ."

"ಇದು ಆಸ್ಪತ್ರೆನೋ ಹರಟೆಕಟ್ಟೆನೋ?"

"ಹರಟೆಗಾದ್ರೂ ಅವರಿಗೆ ಯಾರಿದ್ದಾರೆ ಸರ್?"

ವೈದ್ಯರು ಆರು ತಿಂಗಳ ಅವಕಾಶ ಕೊಟ್ಟರು; ಜೊತೆಗೆ ದಾಖಲೆ ಕೊಠಡಿಯ ಮೂಲೆಯಲ್ಲಿ ಒಂದು ಮೇಜು, ಒಂದು ಹಳೆಯ ಕಂಪ್ಯೂಟರು, ಅದನ್ನು ನಡೆಸಲು ಕೀಲಿಮಣೆ ಎಂದೇ ಎಲ್ಲರೂ ಕರೆಯುವ ಆಪರೇಟರ್ ಯುವತಿ. ಕಂಪ್ಯೂಟರಿನ ಕೀಲಿಗಳ ಮೇಲೆ ಆಕೆಯ ಬೆರಳು ಓಡಿದಷ್ಟು ವೇಗವಾಗಿ ಆಕೆಯ ನಾಲಿಗೆಯೂ ಓಡುತ್ತಿತ್ತು. ಫೋನು ಎತ್ತುವುದು, ಇಡುವುದು ಬಿಟ್ಟು ಬೇರೇನೂ ತಿಳಿಯದ ಅಕ್ಕನಿಗೆ ಐವತ್ತೊಂದನೆಯ ವಯಸ್ಸಿನಲ್ಲಿ ಅಕ್ಷರಾಭ್ಯಾಸ ಮತ್ತೆ ಆರಂಭವಾಯಿತು.

ಮೊದಲ ಬುಧವಾರ, ಬೆಳಿಗ್ಗೆ ಹನ್ನೊಂದಕ್ಕೆ, ಏಳು ಮಂದಿ ತಾಯಂದಿರು ವಿಡಿಯೊ ಸಭೆಗೆ ಬಂದರು. ಅಕ್ಕ ಹತ್ತು ನಿಮಿಷ ಹೃದಯ ಬಿಚ್ಚಿ ಮಾತಾಡಿದರು. ಮೈಕು ಮುಚ್ಚಿತ್ತು. ತೆರೆಯ ಮೇಲೆ ತಾಯಂದಿರಿಗೆ ಕಾಣಿಸುತ್ತಿದ್ದುದು ಅಕ್ಕನ ಹಣೆಯ ಮೇಲ್ಭಾಗ ಹಾಗೂ ದಾಖಲೆ ಕೊಠಡಿಯ ಫ್ಯಾನು. ಕೀಲಿಮಣೆ ಚಹಾ ತೆಗೆದುಕೊಂಡು ಬಂದು ನೋಡಿ, "ಅಯ್ಯೋ ಅಕ್ಕ, ಇಷ್ಟು ಹೊತ್ತು ಫ್ಯಾನ್ ಭಾಷಣ ಮಾಡಿದೆ!" ಎಂದು ಕೂಗುತ್ತ ಮೈಕು ತೆರೆದಾಗ, ಆ ಮಾತು ಏಳು ಮನೆಗಳಿಗೂ ಕೇಳಿಸಿತು. ಮೊದಲು ಒಬ್ಬಳು ನಕ್ಕಳು. ಆಮೇಲೆ ಎಲ್ಲರೂ ನಕ್ಕರು. ನಾಲ್ಕು ವಾರದಿಂದ ಮನೆಯವರ ಮುಂದೆ ತುಟಿ ಬಿಚ್ಚದಿದ್ದ ಒಬ್ಬ ತಾಯಿ ಕಣ್ಣಲ್ಲಿ ನೀರು ಬರುವಂತೆ ನಕ್ಕು, ಹಾಗೆಯೇ ಅಳಲು ತೊಡಗಿ, "ನಕ್ಕು ಎಷ್ಟು ದಿನ ಆಗಿತ್ತೋ," ಎಂದಳು. ಯಾವ ಯೋಜನಾವರದಿಯಲ್ಲೂ ಕಾಣದ ರೀತಿಯಲ್ಲಿ ನಮ್ಮ ಆಸ್ಪತ್ರೆಯ ಆನ್‌ಲೈನ್ ಆರೈಕೆ ಹೀಗೆ ಪ್ರಾರಂಭವಾಯಿತು.

ವರ್ಷದೊಳಗೆ ಅದಕ್ಕೊಂದು ಕಟ್ಟುಪಾಡು ಬಂತು. ಏಳನೆಯ ತಿಂಗಳಲ್ಲೇ ಗರ್ಭಿಣಿಯ ಫೋನಿಗೆ ಹತ್ತು ಪ್ರಶ್ನೆಗಳ ಹಾಳೆ ಹೋಗುತ್ತದೆ. ಹಿಂದೊಮ್ಮೆ ಮನಸ್ಸು ಕುಸಿದವರು, ಮಗುವನ್ನು ಕಳೆದುಕೊಂಡವರು, ದಿನ ತುಂಬದೆ ಹಡೆದವರು, ಹೇಳಿಕೊಳ್ಳಲು ಯಾರೂ ಇಲ್ಲದವರು, ಇವರೆಲ್ಲರ ಪಟ್ಟಿ ಬೇರೆ. ಅವರಿಗೆ ವಾರಕ್ಕೊಮ್ಮೆ ತಪ್ಪದೆ ಕರೆ. ಈ ಹಾದಿಯನ್ನು ನಡೆದು ಚೇತರಿಸಿಕೊಂಡ ತಾಯಂದಿರು ತರಬೇತಿ ಪಡೆದು 'ಜೊತೆಗಾತಿ'ಯರಾಗುತ್ತಾರೆ. ಮೊದಲ ಜೊತೆಗಾತಿ ನೆಲ ಒರೆಸುವ ಆಯಾ. ಔಷಧ ಬೇಕಾದವರನ್ನು ಅದೇ ಫೋನಿನಲ್ಲೇ ಮನೋವೈದ್ಯೆಗೆ ಒಪ್ಪಿಸಲಾಗುತ್ತದೆ. ಸಭೆಯಲ್ಲಿ ಮುಖ ತೋರಿಸಲೇಬೇಕೆಂಬ ನಿಯಮವಿಲ್ಲ. ಕೇಳದೆ ಬುದ್ಧಿ ಹೇಳಕೂಡದೆಂಬ ನಿಯಮವಿದೆ.

ಇನ್ನೊಂದು ಗುಟ್ಟಿನ ನಿಯಮವೂ ಇತ್ತು. ಪಕ್ಕದಲ್ಲಿ ಯಾರಾದರೂ ಇದ್ದು ಮಾತಾಡಲು ಆಗದಿದ್ದರೆ ತಾಯಿ, "ಮಗುವಿಗೆ ಬಿಕ್ಕಳಿಕೆ" ಎಂದು ಬರೆಯಬೇಕು; ಅಕ್ಕ ಆಮೇಲೆ ಕರೆ ಮಾಡುವರು. ಒಮ್ಮೆ ಒಬ್ಬಳ ಮಗುವಿಗೆ ನಿಜವಾಗಿಯೇ ಬಿಕ್ಕಳಿಕೆ ಬಂದು, ಏನು ಮಾಡಬೇಕೆಂದು ಆಕೆ ಮೂರು ಸಲ ಬರೆದರೂ ಅಕ್ಕ, "ಆಯ್ತಮ್ಮ, ಅರ್ಥವಾಯ್ತು," ಎಂದೇ ಉತ್ತರಿಸಿ ಅರ್ಧ ಗಂಟೆ ಕಾದರು. ಮತ್ತೊಮ್ಮೆ ಅಕ್ಕ ತಮ್ಮ ಯಜಮಾನರಿಗೆ ಕಳಿಸಬೇಕಾದ ಸಂದೇಶ ಜಾರಿ ತಾಯಂದಿರ ಗುಂಪಿಗೆ ಹೋಯಿತು: "ಎರಡು ಬ್ರೆಡ್ಡು, ಬಟ್ಟೆ ಸೋಪು. ನಿಮ್ಮ ಮಾತ್ರೆ ನುಂಗಿ." ಐದು ನಿಮಿಷದಲ್ಲಿ ಮೂವತ್ತೆಂಟು ತಾಯಂದಿರು "ಆಯ್ತಕ್ಕ" ಎಂದು ಬರೆದಿದ್ದರು. ಗಡಿಯಾರದ ಯಜಮಾನರಿಗೆ ಆ ದಿನ ಬ್ರೆಡ್ಡೂ ತಪ್ಪಿತು, ಮಾತ್ರೆಯೂ ತಪ್ಪಿತು. "ಊರಿನ ಎಲ್ಲ ಗಡಿಯಾರಕ್ಕೂ ಹೊತ್ತು ಹೇಳಿಕೊಡ್ತೀನಿ, ನನ್ನ ಹೆಂಡತಿ ಮನೆಗೆ ಬರೋ ಹೊತ್ತು ಮಾತ್ರ ನನಗೂ ಗೊತ್ತಿಲ್ಲ," ಎಂಬುದು ಅಂಗಡಿಯಲ್ಲಿ ಕೂತು ಅವರು ಗಿರಾಕಿಗಳಿಗೆ ಹೇಳುವ ಹಳೆಯ ಹಾಸ್ಯ.

ಫೋನಿನ ಆರೈಕೆ ಆರಂಭವಾಗಿ ನಾಲ್ಕನೆಯ ವರ್ಷ, ಈ ವ್ಯವಸ್ಥೆಯ ಬೆಲೆ ಏನೆಂದು ನಮಗೆಲ್ಲ ತಿಳಿದ ಸಂದರ್ಭ ಬಂತು. ಆ ತಾಯಿ ಶಾಲಾ ಶಿಕ್ಷಕಿ. ಗುಂಪಿನಲ್ಲಿ ಎಲ್ಲರೂ ಟೀಚರಮ್ಮ ಎನ್ನುತ್ತಿದ್ದರು. ಎಂಟನೆಯ ತಿಂಗಳಿಗೇ ಹಡೆದಾಕೆ. ಮಗು ಮೂರು ವಾರ ಗಾಜಿನ ಪೆಟ್ಟಿಗೆಯಲ್ಲಿದ್ದು ಮನೆಗೆ ಬಂದಿತ್ತು. ಆಕೆ ಪ್ರತಿ ಬುಧವಾರ ಹನ್ನೊಂದಕ್ಕೆ ಸರಿಯಾಗಿ ಬಂದು, ಮುಖ ತೋರಿಸದೆ, ಮಾತಾಡದೆ, ಮುಗಿದಾಗ "ಧನ್ಯವಾದ" ಎಂದು ಬರೆದು ಹೋಗುತ್ತಿದ್ದಳು. ಹತ್ತು ಪ್ರಶ್ನೆಗಳಿಗೂ ಪ್ರತಿಸಲ ಆಕೆಯ ಉತ್ತರ, ಯಾವ ತೊಂದರೆಯೂ ಇಲ್ಲ.

"ಇವರದ್ದು ಪಟ್ಟಿಯಿಂದ ತೆಗೀಲಾ ಅಕ್ಕ? ಎಲ್ಲದಕ್ಕೂ ಸೊನ್ನೆ," ಎಂದಳು ಕೀಲಿಮಣೆ.

"ಇರಲಿ ಬಿಡು. ಹತ್ತಕ್ಕೆ ಹತ್ತೂ ಸೊನ್ನೆ ಹಾಕೋಕೆ ನನ್ನ ಕೈಲೂ ಆಗಲ್ಲ. ದಿನ ತುಂಬದ ಮಗು ಇಟ್ಕೊಂಡು ಅವಳಿಗೆ ಹೇಗೆ ಆಗುತ್ತೆ?"

ವಾರದ ಕರೆಗಳಲ್ಲಿ ಅಕ್ಕ ಎಷ್ಟು ಸುತ್ತು ಬಳಸಿದರೂ ಟೀಚರಮ್ಮ ಬಾಯಿಬಿಡಲಿಲ್ಲ. ಒಂದು ಬುಧವಾರ ಸಭೆ ಮುಗಿದು ಇಪ್ಪತ್ತು ನಿಮಿಷವಾಗಿತ್ತು. ಅಕ್ಕನ ಫೋನಿಗೆ ಆಕೆಯ ಸಂದೇಶ ಬಂತು. ಕೀಲಿಮಣೆ ಜೋರಾಗಿ ಓದಿದಳು: "ಪಾಪುಗೆ ಯಾವ ಹೊತ್ತಿಗೆ ಎಷ್ಟು ಹಾಲು ಅಂತ ಬರೆದು ಫ್ರಿಜ್ಜಿಗೆ ಅಂಟಿಸಿದ್ದೀನಿ. ಲಸಿಕೆ ಕಾರ್ಡು, ಡಾಕ್ಟರ ಚೀಟಿ ಮೊದಲನೇ ಡ್ರಾಯರಲ್ಲಿದೆ. ಇನ್ನು ಯಾರು ಬೇಕಾದರೂ ನೋಡ್ಕೋಬಹುದು. ಥ್ಯಾಂಕ್ಸ್ ಅಕ್ಕ." ಓದಿ ಮುಗಿಸಿ, "ಎಷ್ಟು ಅಚ್ಚುಕಟ್ಟು ನೋಡಿ," ಎಂದಳು.

ಅಕ್ಕ ಫೋನನ್ನು ಕಸಿದುಕೊಂಡು ಕರೆ ಮಾಡಿದರು. ಆರು ಸಲ ರಿಂಗಾಗಿ ಕರೆ ನಿಂತಿತು. ಮತ್ತೆ ಮಾಡಿದರು. ಈ ಸಲ ಆಕೆ ಎತ್ತಿದಳು.

"ಟೀಚರಮ್ಮ, ಸುತ್ತಿ ಬಳಸಿ ಕೇಳಲ್ಲ. ಸಾಯಬೇಕು ಅನ್ನಿಸ್ತಿದೆಯಾ?"

"ಹೂಂ," ಎಂದಳು.

"ಹೇಳಿದ್ದು ತುಂಬ ಒಳ್ಳೇದಾಯ್ತು. ಫೋನ್ ಇಡಬೇಡಿ. ನಾನು ಎಲ್ಲಿಗೂ ಹೋಗಲ್ಲ. ಪಾಪು ಎಲ್ಲಿದೆ?"

"ಮಲಗಿದೆ. ತೊಟ್ಟಿಲಲ್ಲಿ."

"ಮನೇಲಿ ಯಾರಿದ್ದಾರೆ?"

"ಅತ್ತೆ ಕನ್ನಡಕ ತರೋಕೆ ಹೋಗಿದ್ದಾರೆ."

ಅಷ್ಟು ಹೊತ್ತಿಗೆ ಅಕ್ಕ ಒಂದು ಹಾಳೆಯಲ್ಲಿ ವಿಳಾಸ ಬರೆದು, ಕೆಳಗೆ 'ಈಗಲೇ' ಎಂದು ಗೀಚಿ ಕೀಲಿಮಣೆಯ ಕೈಗಿತ್ತಿದ್ದರು. ಆಕೆ ಕಾರಿಡಾರಿನಲ್ಲಿ ಓಡಿದಳು. ಟೀಚರಮ್ಮನ ಗಂಡ ಮುದ್ರಣಾಲಯದಲ್ಲಿ ದುಡಿಯುವವನು. ಯಂತ್ರಗಳ ಸದ್ದಿನಲ್ಲಿ ಅವನಿಗೆ ಫೋನು ಕೇಳಿಸಲಿಲ್ಲ. ಆಂಬುಲೆನ್ಸು ಇನ್ನೊಂದು ತುರ್ತಿಗೆ ಹೋಗಿತ್ತು. ಮುಖ್ಯ ವೈದ್ಯರು ಹೊರರೋಗಿಗಳ ಸಾಲಿನ ನಡುವೆ ಕೂತಿದ್ದವರು ಚೀಟಿ ಓದಿದರು, ಎದ್ದರು, ಯಾರಿಗೂ ಏನೂ ಹೇಳದೆ ತಮ್ಮ ಕಾರಿನತ್ತ ನಡೆದರು. ಕೀಲಿಮಣೆ ಮರಳಿ ಓಡಿಬಂದು ಅಕ್ಕನಿಗೆ ಸನ್ನೆಯಲ್ಲೇ ತಿಳಿಸಿದಳು.

ಇತ್ತ ಅಕ್ಕ ಮಾತು ಬಿಡಲಿಲ್ಲ. ಮಗುವಿನ ಮುಖ ನೋಡಿ ಗಟ್ಟಿಯಾಗು ಎನ್ನಲಿಲ್ಲ. ಇಷ್ಟು ಓದಿದವಳು ಹೀಗೆ ಯೋಚಿಸಬಹುದೇ ಎನ್ನಲಿಲ್ಲ. ಎಷ್ಟು ದಿನದಿಂದ ನಿದ್ದೆ ಇಲ್ಲ ಎಂದು ಕೇಳಿದರು. ಹನ್ನೊಂದು ದಿನದಿಂದ ಕಣ್ಣು ಮುಚ್ಚಿದ್ದಿಲ್ಲ ಎಂದಳು. ಆಮೇಲೆ ಮಾತು ತಾನಾಗಿ ಬಂತು.

"ದಿನ ತುಂಬೋವರೆಗೂ ಹೊಟ್ಟೇಲಿ ಇಟ್ಕೊಳ್ಳೋಕಾಗಲಿಲ್ಲ. ಹಾಲು ಸಾಲಲಿಲ್ಲ. ಅತ್ತೆ ಎತ್ಕೊಂಡ್ರೆ ಸುಮ್ಮನಾಗುತ್ತೆ, ನಾನೆತ್ಕೊಂಡ್ರೆ ಅಳುತ್ತೆ. ನಾನಿಲ್ದಿದ್ರೆ ಅದಕ್ಕೇ ಒಳ್ಳೇದಕ್ಕ."

"ಹಾಗೆ ಅನ್ನಿಸ್ತಿರೋದು ನಿಜ. ಆದ್ರೆ ಅದು ನೀವಾಡ್ತಿರೋ ಮಾತಲ್ಲ, ಕಾಯಿಲೆ ಆಡಿಸ್ತಿರೋ ಮಾತು. ಜ್ವರ ಬಂದಾಗ ಬಾಯಿ ಕಹಿ ಆಗುತ್ತಲ್ಲ, ಹಾಗೆ. ಇದಕ್ಕೆ ಔಷಧಿ ಇದೆ. ಈಗ ಒಂದು ಕೆಲಸ ಮಾಡಿ. ಎದ್ದು ಹೋಗಿ ಬಾಗಿಲ ಚಿಲಕ ತೆಗೀರಿ. ನಮ್ಮ ದೊಡ್ಡ ಡಾಕ್ಟರು ಬರ್ತಿದ್ದಾರೆ."

"ಯಾಕೆ ಕಳಿಸಿದ್ರಿ ಅಕ್ಕ? ಅವರಿಗೆ ತೊಂದರೆ."

"ತೊಂದರೆ ಆಗಲಿ ಬಿಡಿ. ಫೋನು ಕೈಲಿಟ್ಕೊಂಡೇ ಹೋಗಿ. ನಾನು ಕೇಳಿಸ್ಕೊತಿದ್ದೀನಿ."

ಚಪ್ಪಲಿಯಿಲ್ಲದ ಹೆಜ್ಜೆಗಳು ಅಕ್ಕನಿಗೆ ಕೇಳಿಸಿದವು. ನಡುವೆ ನಿಂತವು. ಅಕ್ಕ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದರು. ಹೆಜ್ಜೆಗಳು ಮತ್ತೆ ಚಲಿಸಿದವು. ಚಿಲಕ ಸರಿದ ಸದ್ದು ಬಂತು.

ಆ ಮನೆ ನಾಲ್ಕನೆಯ ಮಹಡಿಯಲ್ಲಿತ್ತು, ಲಿಫ್ಟು ಕೆಟ್ಟಿತ್ತು. ಎರಡು ಮೆಟ್ಟಿಲಿಗೊಮ್ಮೆ ನಿಲ್ಲುವ ಮುಖ್ಯ ವೈದ್ಯರು ಅಂದು ಎಲ್ಲೂ ನಿಲ್ಲದೆ ಹತ್ತಿದರು. ಬಾಗಿಲಿಗೆ ಬಂದಾಗ ಅವರ ಮುಖ ಕೆಂಪಾಗಿ, ಉಸಿರು ಸಿಗದೆ, ಗೋಡೆಗೆ ಒರಗಿ ನಿಂತುಬಿಟ್ಟರು. ಟೀಚರಮ್ಮ ಗಾಬರಿಯಾಗಿ, ಫೋನನ್ನು ಕುರ್ಚಿಯ ಮೇಲಿಟ್ಟು, ಒಳಗೋಡಿ ಒಂದು ಲೋಟ ನೀರು ತಂದು ಕೊಟ್ಟು, "ಕೂತ್ಕೊಳ್ಳಿ ಸರ್, ಕೂತ್ಕೊಳ್ಳಿ," ಎಂದಳು. ಕುರ್ಚಿಯ ಮೇಲಿನ ಫೋನಿನಿಂದ ಅಕ್ಕನ ದನಿ, "ಏನಾಯ್ತು? ಯಾರಿಗೇನಾಯ್ತು?" ಎಂದು ಕೂಗುತ್ತಲೇ ಇತ್ತು. ವೈದ್ಯರು ಆ ದಿನವನ್ನು ನೆನೆದಾಗಲೆಲ್ಲ ಹೇಳುವುದು ಒಂದೇ ಮಾತು: "ಬದುಕು ಸಾಕು ಅಂತ ಕೂತಿದ್ದ ಹೆಣ್ಣುಮಗಳು ಎದ್ದು ನನ್ನ ಜೀವ ಉಳಿಸಿದ್ಲು ಕಣ್ರೀ." ಅಂದಿನಿಂದ ಅವರು ಫೋನಿನ ಆರೈಕೆಯನ್ನು ಹರಟೆಕಟ್ಟೆ ಎನ್ನಲಿಲ್ಲ.

ತಾಯಿ, ಮಗು ಇಬ್ಬರನ್ನೂ ಆಸ್ಪತ್ರೆಯ ಒಂದೇ ಕೋಣೆಯಲ್ಲಿಟ್ಟುಕೊಂಡು ಮನೋವೈದ್ಯೆ ಮೂರು ವಾರ ಚಿಕಿತ್ಸೆ ಕೊಟ್ಟರು. ಕನ್ನಡಕ ತರಲು ಹೋಗಿದ್ದ ಅತ್ತೆ, ಟಿಕೆಟ್ ಕೌಂಟರಿನಲ್ಲಿ ಜೀವಮಾನವಿಡೀ ದುಡಿದು ನಿವೃತ್ತರಾದ ಖಡಕ್ ಹೆಂಗಸು, ಮೊದಲ ದಿನ ಅಕ್ಕನ ಮೇಲೆ ಹರಿಹಾಯ್ದರು.

"ನನ್ನ ಸೊಸೆಗೆ ಏನು ಕಡಿಮೆ ಮಾಡಿದ್ದೀನಿ ನಾನು? ಹಾಲು, ಬಟ್ಟೆ, ಮಗು ಸ್ನಾನ, ಒಂದಕ್ಕೂ ಅವಳ ಕೈ ತಾಗಿಸಿಲ್ಲ. ಊರೆಲ್ಲ ಈಗ ಅತ್ತೆ ಕಾಟ ಅನ್ನುತ್ತೆ."

"ನಿಮ್ಮ ಕಾಟ ಅಂತ ಯಾರೂ ಅಂದಿಲ್ಲಮ್ಮ. ಇದು ಕಾಯಿಲೆ, ಯಾರ ಮನೆಗೂ ಬರುತ್ತೆ. ನೀವು ಎಲ್ಲ ಕೆಲಸ ಕೈಗೆತ್ತಿಕೊಂಡಿರಿ, ಪ್ರೀತಿಯಿಂದಲೇ. ಕಾಯಿಲೆ ಅದನ್ನೇ ಹಿಡ್ಕೊಂಡು, ನೀನು ಇಲ್ಲಿ ಬೇಡ ಅಂತ ಅವಳಿಗೆ ಹೇಳಿದೆ."

ಅತ್ತೆ ಕಿಟಕಿಯ ಕಡೆ ತಿರುಗಿ ನಿಂತರು. ಟಿಕೆಟ್ಟು ಕೊಡುವಷ್ಟೇ ಚುಟುಕಾಗಿ ಹೇಳಿದರು: "ನನ್ನ ಮಗ ಹುಟ್ಟಿದಾಗ ನಾಲ್ಕು ತಿಂಗಳು ನಾನು ಅವನ ಮುಖ ನೋಡಿರಲಿಲ್ಲ. ನಮ್ಮಮ್ಮ ಎಲ್ಲರಿಗೂ, ಅವಳಿಗೆ ಬೆನ್ನುನೋವು ಅಂತ ಹೇಳಿದ್ರು. ನಾನೂ ಇಷ್ಟು ವರ್ಷ ಬೆನ್ನುನೋವು ಅಂತಲೇ ಅಂದ್ಕೊಂಡಿದ್ದೆ."

ಅಕ್ಕ ಎರಡು ಕುರ್ಚಿ ಎಳೆದರು. ಅವರಿಬ್ಬರೂ ಅಂದು ಮಧ್ಯಾಹ್ನದ ಊಟ ಮರೆತರು.

ಟೀಚರಮ್ಮನ ಚೇತರಿಕೆ ಒಂದೇ ಸಮನೆ ಮೇಲೇರಲಿಲ್ಲ. ಎರಡು ಒಳ್ಳೆಯ ವಾರ, ಒಂದು ಕೆಟ್ಟ ವಾರ, ಔಷಧ ಬದಲಾಯಿತು, ಒಮ್ಮೆ ಎಲ್ಲ ಬಿಟ್ಟುಬಿಡುತ್ತೇನೆಂದು ಹಟ ಹಿಡಿದಳು. ಆಯಾ ಜೊತೆಗಾತಿಯಾಗಿ ದಿನವೂ ಹತ್ತು ನಿಮಿಷ ಮಾತಾಡಿದಳು. ಓದಿದ ಶಿಕ್ಷಕಿಗೂ ಓದದ ಆಯಾಳಿಗೂ ಅಲ್ಲಿ ಭೇದವಿರಲಿಲ್ಲ. ಚಿಕಿತ್ಸೆಯ ಏಳನೆಯ ತಿಂಗಳಲ್ಲಿ ಒಂದು ಬುಧವಾರ, ಅಲ್ಲಿಯವರೆಗೆ ಕಪ್ಪಾಗಿದ್ದ ಚೌಕಟ್ಟಿನಲ್ಲಿ ಒಂದು ಮುಖ ಮೂಡಿತು. ತಲೆ ಬಾಚಿರಲಿಲ್ಲ, ತೊಡೆಯ ಮೇಲೆ ಮಗು ಆಕೆಯ ಕನ್ನಡಕ ಕಿತ್ತುಕೊಳ್ಳಲು ಹೋರಾಡುತ್ತಿತ್ತು. "ನನ್ನ ಹತ್ರಾನೂ ಅಳುತ್ತೆ, ಅತ್ತೆ ಹತ್ರಾನೂ ಅಳುತ್ತೆ. ಹಲ್ಲು ಬರ್ತಿದೆಯಂತೆ," ಎಂದು ಆಕೆ ನಕ್ಕಾಗ ಅಕ್ಕನಿಗೆ ಮಾತು ಹೊರಡಲಿಲ್ಲ. ಕೀಲಿಮಣೆ ಮೈಕು ಮುಚ್ಚಿದೆಯೇ ಎಂದು ನೋಡಲು ಓಡಿಬಂದಳು. ಮೈಕು ತೆರೆದೇ ಇತ್ತು.

ಈಗ ಟೀಚರಮ್ಮ ಶಾಲೆಗೆ ಮರಳಿದ್ದಾರೆ, ರಜೆಯ ದಿನಗಳಲ್ಲಿ ಜೊತೆಗಾತಿಯಾಗಿದ್ದಾರೆ. ಅವರ ಅತ್ತೆಯ ಒತ್ತಾಯದಿಂದ ಶನಿವಾರ ಮನೆಯ ಹಿರಿಯರಿಗೆಂದೇ ಇನ್ನೊಂದು ಸಭೆ ನಡೆಯುತ್ತದೆ. ಅದಕ್ಕೆ ಅವರೇ ಅಧ್ಯಕ್ಷೆ, ಅವರೇ ಕಾರ್ಯದರ್ಶಿ. ತಮ್ಮ ಕಾಲದ ಬಾಣಂತನದ ಬಡಾಯಿ ಕೊಚ್ಚುವವರ ಮೈಕು ಮುಚ್ಚುವ ಅಧಿಕಾರವೂ ಅವರದೇ.

ಎಲ್ಲರನ್ನೂ ಉಳಿಸಿದೆವೆಂದು ಕೇಳಕ್ಕ ಎಂದೂ ಹೇಳಿದವರಲ್ಲ. ಹೊಸ ಜೊತೆಗಾತಿಯರ ತರಬೇತಿಯ ಮೊದಲ ದಿನ ಅವರು ಟೀಚರಮ್ಮನ ಕಥೆ ಹೇಳುವುದಿಲ್ಲ. ಬಟ್ಟೆ ಹೊಲಿಯುತ್ತಿದ್ದ ಆ ತಾಯಿಯ ಕಥೆ ಹೇಳುತ್ತಾರೆ, ತಾವಾಡಿದ ಮಾತನ್ನು ಒಂದಕ್ಷರ ಬಿಡದೆ. ಪ್ರಶಸ್ತಿಗೆ ಹೆಸರು ಕಳಿಸುತ್ತೇವೆಂದು ಮುಖ್ಯ ವೈದ್ಯರು ಎರಡು ಸಲ ಕೇಳಿದಾಗ, ಎರಡು ಸಲವೂ, ಅದರ ಬದಲು ಮನೋವೈದ್ಯೆಗೆ ಇನ್ನೊಬ್ಬ ಸಹಾಯಕಿಯನ್ನು ಕೊಡಿ ಎಂದರು. ಎರಡನೆಯ ಸಲ ಸಹಾಯಕಿ ಸಿಕ್ಕಳು.

ಕಳೆದ ತಿಂಗಳ ಕೊನೆಗೆ ಅವರು ತಮ್ಮ ಮೇಜನ್ನು ಹೊಸ ನರ್ಸಿಗೆ ಒಪ್ಪಿಸಿ ಮನೆಗೆ ಹೋದರು. ಮರುವಾರ, ಬುಧವಾರದ ಸಭೆ ಮುಗಿದ ಮೇಲೆ ಆ ಹುಡುಗಿಯ ಕರೆ ಬಂತು. ಅಕ್ಕ ಆಗ ಯಜಮಾನರ ಅಂಗಡಿಯಲ್ಲಿ, ಎಷ್ಟೋ ವರ್ಷಗಳ ನಂತರ ಹಗಲು ಹೊತ್ತಿನಲ್ಲಿ ಅವರ ಎದುರು ಕೂತು ಚಹಾ ಕುಡಿಯುತ್ತಿದ್ದರು.

"ಅಕ್ಕ, ಎಲ್ಲರೂ ಹೋದ್ರು. ಒಬ್ಬರು ಮಾತ್ರ ಹೋಗ್ತಿಲ್ಲ. ಮುಖಾನೂ ಇಲ್ಲ, ಮಾತೂ ಇಲ್ಲ. ಏನು ಮಾಡ್ಲಿ?"

"ನೀನಿದ್ದೀಯಾ ಅಂತ ಅವಳಿಗೆ ಹೇಳಿದೆಯಾ?"

"ಹೇಳ್ದೆ."

"ನಿನಗೀಗ ಬೇರೆ ಕೆಲಸ ಇದೆಯಾ?"

"ಇಲ್ಲ ಅಕ್ಕ."

"ಹಾಗಾದ್ರೆ ನೀನೂ ಹೋಗ್ಬೇಡ."

ಹುಡುಗಿ ಕೂತಳು. ಇಪ್ಪತ್ತೈದು ನಿಮಿಷದ ನಂತರ ಆ ಕಪ್ಪು ಚೌಕಟ್ಟಿನ ಮೈಕು ತೆರೆಯಿತು.

ಕೇಳಕ್ಕನವರ ಮಂಡಿಗಳು ಇನ್ನು ಮೆಟ್ಟಿಲುಗಳನ್ನು ಮರೆಯಲಿ, ಗಡಿಯಾರದ ಯಜಮಾನರೊಂದಿಗೆ ಹಗಲಿನ ಚಹಾ ನೂರು ವರ್ಷ ತುಂಬುವವರೆಗೆ ಆರದಿರಲಿ. ವಿಶ್ರಾಂತಿಯನ್ನು ಅವರು ಬಯಸಿದಷ್ಟು ಮಾತ್ರ ಪಡೆಯಲಿ. ಉಳಿದ ಹೊತ್ತಿನಲ್ಲಿ ಅವರ ಫೋನು ಚಾಲೂ ಇರಲಿ ಎಂಬುದು ಹೆತ್ತವರ, ಹೆರಲಿರುವವರ, ಅವರ ಜೊತೆ ದುಡಿದ ನಮ್ಮೆಲ್ಲರ ಸ್ವಾರ್ಥದ ಹಾರೈಕೆ.